ಪಕ್ಕದ ತುಂಡಿನಲ್ಲಿ ಯಾರಿದ್ದಾರೆ?

ವೊರ್ಕುಮ್, ಫ್ರೀಸ್‌ಲ್ಯಾಂಡ್
11 ಜನವರಿ 1993

ವಿಲ್ಮೀನ್,

ಒಂದೂವರೆ ವರ್ಷದ ಮೇಲೆ ನನ್ನ ಕೈಬರಹ ಕಂಡು, ಲಕೋಟೆ ಒಡೆಯಲೋ ಬೇಡವೋ ಎಂದು ಯೋಚಿಸಿರುತ್ತೀಯ. ಕ್ಷೇಮ ಸಮಾಚಾರ ಆಮೇಲೆ ಇರಲಿ. ಕೈನೇಸ್ ಇಲ್ಲದ ಆ ಬ್ಯಾಕ್ಟೀರಿಯಾ ತಳಿಯನ್ನು ನನಗೆ ಕಳಿಸು.

ವಿಶ್ವವಿದ್ಯಾಲಯದ ಸುದ್ದಿಪತ್ರ ನನಗೆ ಇನ್ನೂ ಬರುತ್ತಿದೆ, ನಿಲ್ಲಿಸಬೇಕೆಂದು ಯಾರಿಗೂ ಹೊಳೆದಿಲ್ಲ. ಜೂನ್‌ನಲ್ಲಿ ನಿನ್ನ ಡಾಕ್ಟರೇಟ್ ಪ್ರಬಂಧದ ಮಂಡನೆ, ನಾಲ್ಕನೆಯ ಅಧ್ಯಾಯದಲ್ಲಿ ಎರಡನೆಯ ಕೈನೇಸ್ ಒಂದರ ಸುಳಿವು ಎಂದು ಅದರಲ್ಲೇ ಓದಿದೆ. ಅಂಥದೊಂದು ಇಲ್ಲ ಕಣೆ. ಇಲ್ಲವೆಂದು ಹೇಳಿದ್ದಕ್ಕೇ ಅಲ್ಲವೇ ನಾನು ಇಲ್ಲಿ ಬಂದು ಹಾಲು ಪರೀಕ್ಷೆ ಮಾಡುತ್ತಿರುವುದು.

ಅದನ್ನು ಬೆಳೆಸಲು ಡೈರಿಯಲ್ಲಿ ಬಿಸಿ ಪೆಟ್ಟಿಗೆ ಇದೆ, ಪೆಟ್ರಿ ತಟ್ಟೆಗಳು ಬೇಕಾದಷ್ಟಿವೆ. ನಮ್ಮ ಮ್ಯಾನೇಜರ್ ಸೈಟ್ಸ್ಮಾ ಅವರಲ್ಲಿ ಅನುಮತಿ ಕೇಳಿದೆ. ಅವರಿಗೆ ಕಥೆಯನ್ನು ಮೊದಲಿನಿಂದ ಹೇಳಬೇಕಾಯಿತು. ಕರುಳಿನಲ್ಲಿ ವಾಸಿಸುವ ಈ ಸಾಧು ಬ್ಯಾಕ್ಟೀರಿಯಾ ತನಗೆ ಬೇಕಾದ ಬಿ-ಒನ್ ವಿಟಮಿನ್ನನ್ನು ತಾನೇ ಮಾಡಿಕೊಳ್ಳುತ್ತದೆ. ಎರಡು ಅರ್ಧಗಳನ್ನು ಬೇರೆಬೇರೆಯಾಗಿ ಮಾಡಿ ಕೊನೆಗೆ ಜೋಡಿಸುತ್ತದೆ. ಜೋಡಿಸುವ ಮೊದಲು ಒಂದು ಅರ್ಧಕ್ಕೆ ಫಾಸ್ಫೇಟ್ ಎಂಬ ಗುಂಡಿ ಹೊಲಿಯಬೇಕು, ಒಂದಲ್ಲ, ಎರಡು. ಹೊಲಿಯುವ ಕಿಣ್ವವೇ ಕೈನೇಸ್. ಅದನ್ನು ಕಿತ್ತುಹಾಕಿದ ತಳಿಯನ್ನು ವಿಟಮಿನ್ ಇಲ್ಲದ ಆಹಾರ ಬೆರೆಸಿದ ಅಗರ್ ಎಂಬ ಗಟ್ಟಿ ಲೋಳೆಯ ಮೇಲೆ ಬಿಟ್ಟರೆ ಬೆಳೆಯಬಾರದು. ನನ್ನ ತಟ್ಟೆಯಲ್ಲಿ ಬೆಳೆಯಲಿಲ್ಲ, ನನ್ನ ಗೆಳತಿಯ ತಟ್ಟೆಯಲ್ಲಿ ಬೆಳೆಯಿತು. ಹಾಗಾದರೆ ಗುಂಡಿ ಹೊಲಿಯುವ ಇನ್ನೊಂದು ಕಿಣ್ವ ಅಡಗಿ ಕೂತಿದೆ ಎಂದರು ಪ್ರೊಫೆಸರು.

ಸೈಟ್ಸ್ಮಾ ಎಲ್ಲ ಕೇಳಿ, "ಅಂದ್ರೆ ನಿಮ್ಮಿಬ್ಬರಲ್ಲಿ ಒಬ್ಬಳು ಸುಳ್ಳು ಹೇಳ್ತಿದಾಳೆ" ಎಂದರು. ಇಲ್ಲ, ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದೇವೆ, ಅದೇ ತೊಂದರೆ ಎಂದೆ. "ಹಾಲಿನ ಕೆಲಸ ಮುಗಿಸಿ ಏನ್ ಬೇಕಾದ್ರೂ ಮಾಡ್ಕೊಳ್ಳಮ್ಮ. ಮಜ್ಜಿಗೆಗೆ ಬೀಳಿಸ್ಬೇಡ ಅಷ್ಟೇ."

ಅನುಮತಿ ಸಿಕ್ಕಿತು. ತಳಿ ಮಾತ್ರ ನಿನ್ನ ಹತ್ತಿರ ಇದೆ.

ಹಿಸ್ಕೆ


ಪ್ರಯೋಗಾಲಯ, ಮೂರನೆಯ ಮಹಡಿ
29 ಜನವರಿ

ಪ್ರಿಯ ಹಿಸ್ಕೆ,

ನಿನ್ನ ಕಾಗದ ಬಂದದ್ದು ಸಂತೋಷ. ನಿಜವಾಗಿಯೂ ಸಂತೋಷ. ಆದರೆ ನೀನು ಕೇಳಿದ್ದನ್ನು ಕೊಡಲಾರೆ. ಪ್ರಬಂಧ ಅಚ್ಚಾಗುವ ತನಕ ತಳಿ ಹೊಸ್ತಿಲು ದಾಟಬಾರದು ಎಂದು ಪ್ರೊಫೆಸರ್ ನೀಹೋಫ್ ಹೇಳಿದ್ದಾರೆ. ನಿನಗೆಂದು ಹೇಳಿದ ಮಾತಲ್ಲ, ಎಲ್ಲರಿಗೂ ಅದೇ ನಿಯಮ.

ನಾನು ಆ ಪ್ರಯೋಗವನ್ನು ಒಂದು ಸಲ ಮಾಡಿ ಬಿಟ್ಟವಳಲ್ಲ. ನೀನು ಹೋದ ಮೇಲೂ ಮಾಡಿದ್ದೇನೆ, ಬೇರೆ ಅಗರ್ ತರಿಸಿ ಮಾಡಿದ್ದೇನೆ. ಪ್ರತಿ ಸಲವೂ ಬೆಳೆದಿದೆ. ತೆಳ್ಳಗೆ, ತಡವಾಗಿ, ಆದರೆ ಬೆಳೆದಿದೆ. ಕಣ್ಣಿಗೆ ಕಂಡದ್ದನ್ನು ಕಾಣಲಿಲ್ಲ ಎಂದು ಹೇಗೆ ಬರೆಯಲಿ?

ಇಲ್ಲಿ ಕಾಲುವೆ ಹೆಪ್ಪುಗಟ್ಟಿತ್ತು. ಹುಡುಗರೆಲ್ಲ ಮಧ್ಯಾಹ್ನ ಕೆಲಸ ಬಿಟ್ಟು ಸ್ಕೇಟ್ ಹಾಕಿಕೊಂಡು ಜಾರಲು ಓಡಿದರು. ನಿನ್ನಷ್ಟು ಚೆನ್ನಾಗಿ ಜಾರುವವರು ಈಗ ಇಲ್ಲಿ ಯಾರೂ ಇಲ್ಲ. ನಿನ್ನ ಡೈರಿಯ ಕೆಲಸ ಹೇಗಿದೆ ಎಂದು ಬರೆ. ಬೇರೆ ವಿಷಯಗಳನ್ನೂ ಬರೆ.

ಶುಭಾಶಯಗಳೊಂದಿಗೆ,
ವಿಲ್ಮೀನ್


ವೊರ್ಕುಮ್
8 ಫೆಬ್ರವರಿ

ವಿಲ್ಮೀನ್,

ಬೇರೆ ವಿಷಯ ಬರೆಯಬೇಕೇ? ಬರೆಯುತ್ತೇನೆ.

ನಾನು ಅಲ್ಲಿದ್ದಾಗಿನ ಹತ್ತು ಗಂಟೆಯ ಕಾಫಿ. ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬಂದು ಮುಚ್ಚಳ ಹಾಕಿಕೊಂಡು ಕೂತಿದೆ. ನೀಹೋಫ್ ನಮ್ಮಿಬ್ಬರ ಫಲಿತಾಂಶ ಕೇಳಿದರು. ನೀನು ಬೆಳೆದಿದೆ ಎಂದೆ, ನಾನು ಬೆಳೆದಿಲ್ಲ ಎಂದೆ. ಅವರು ಮೊದಲು ನಗುನಗುತ್ತ, ಒಂದು ತಳಿಗೆ ಒಂದು ಇಡೀ ತಟ್ಟೆ ಬೇಕಂತೆ ನಮ್ಮ ರಾಜಕುಮಾರಿಗೆ, ಅಷ್ಟು ಪೋಲು ಮಾಡಿಯೂ ಒಂದು ಚುಕ್ಕೆ ಬೆಳೆಸಲಿಲ್ಲವಲ್ಲ ಎಂದರು. ಉಳಿದವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಕೆಲವರ ಕೈಗುಣ ಹಾಗೆ. ಮುಟ್ಟಿದ್ದೆಲ್ಲ ಸಾಯುತ್ತೆ."

ಮೇಜಿನ ಸುತ್ತ ಇದ್ದವರೆಲ್ಲ ತಮ್ಮ ತಮ್ಮ ಲೋಟ ನೋಡಿಕೊಂಡರು. ನೀನು ಚಮಚ ತಗೊಂಡು ಕಾಫಿ ಕಲಕುತ್ತ ಕೂತೆ. ಸಕ್ಕರೆ ಹಾಕಿಕೊಳ್ಳದವಳು, ಏನನ್ನು ಕಲಕುತ್ತಿದ್ದೆ?

ಮುದುಕನ ಮಾತು ನನಗೆ ಅಷ್ಟು ಚುಚ್ಚಲಿಲ್ಲ, ಅವರು ಎಲ್ಲರಿಗೂ ಅನ್ನುವವರೇ. ಒಂದೇ ಬೆಂಚಿನಲ್ಲಿ ನಿನ್ನ ಪಕ್ಕ ಕೆಲಸ ಮಾಡಿದವಳು ನಾನು. ನನ್ನ ಕೈ ಹೇಗೆ ಎಂದು ಆ ಕೋಣೆಯಲ್ಲಿ ನಿನ್ನೊಬ್ಬಳಿಗೆ ಗೊತ್ತಿತ್ತು. ನೀನು ಒಂದು ಮಾತು ಆಡಬೇಕಿತ್ತು, ಆಡಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ನಾನೇನೂ ಕೈಕಟ್ಟಿ ಕೂತಿಲ್ಲ. ಅಗರಿನಲ್ಲೇ ಒಂದಿಷ್ಟು ವಿಟಮಿನ್ ಅಂಟಿಕೊಂಡಿರುತ್ತದಲ್ಲ, ಅದಕ್ಕೆ ಅಗರನ್ನು ಬಕೆಟ್ಟಿನಲ್ಲಿ ನೆನೆಸಿ, ತೊಳೆದು, ನೀರು ಚೆಲ್ಲಿ, ಮತ್ತೆ ತೊಳೆಯುತ್ತಿದ್ದೇನೆ. ಹೆಂಗಸೊಬ್ಬಳು ದಿನವೂ ಗಂಜಿ ತೊಳೆಯುತ್ತಾಳೆ ಎಂದು ಹಾಲಿನ ಲಾರಿಯವರು ತಮಾಷೆ ಮಾಡುತ್ತಾರೆ. ಮಾಡಲಿ. ನೀನು ಕೊಡದಿದ್ದರೆ ಆ ತಳಿಯನ್ನು ಬೇರೆ ಎಲ್ಲಿಂದಾದರೂ ತರಿಸುತ್ತೇನೆ, ಸಿಗದಿದ್ದರೆ ನಾನೇ ಮೊದಲಿನಿಂದ ತಯಾರಿಸುತ್ತೇನೆ. ಬಿಡುವವಳಲ್ಲ ನಾನು, ನಿನಗೆ ಗೊತ್ತು.

ಹಿಸ್ಕೆ


ಮನೆಯಿಂದ
5 ಮಾರ್ಚ್

ಹಿಸ್ಕೆ,

ಈ ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ವೃತ್ತ ಬರೆದಿದ್ದೇನೆ. ಅದನ್ನು ಕತ್ತರಿಸಿ ಬ್ಯಾಕ್ಟೀರಿಯಾ ಬೆಳೆಸುವ ಸಾರಿನಲ್ಲಿ ಅದ್ದು. ತಳಿಯ ಒಂದು ಹನಿ ಹಾಕಿ ಒಣಗಿಸಿದ್ದೇನೆ. ಅಂಚೆಯವನು ಎಲ್ಲೂ ಕಾಲೆಳೆಯದಿದ್ದರೆ ಒಂದಿಷ್ಟಾದರೂ ಬದುಕಿರುತ್ತವೆ. ನಮ್ಮ ಕಸುಬಿನವರು ಹಿಂದಿನಿಂದ ಹೀಗೆ ಕಳಿಸಿಕೊಳ್ಳುತ್ತಲೇ ಬಂದವರು, ನೀಹೋಫ್ ಕೂಡ ಪ್ರಾಯದಲ್ಲಿ ಕಳಿಸಿದವರೇ.

ನಿನ್ನ ಕಾಗದಕ್ಕೆ ಹೆದರಿ ಕಳಿಸುತ್ತಿದ್ದೇನೆ ಅಂದುಕೊಳ್ಳಬೇಡ. ಕೊಡದೆ ಇಟ್ಟುಕೊಂಡರೆ ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗುತ್ತದೆ. ನನಗೆ ಹೆದರಿಕೆ ಇಲ್ಲ. ನಿನ್ನ ತೊಳೆದ ಅಗರಿನ ಮೇಲೆಯೇ ಬೆಳೆಸಿ ನೋಡು, ನೋಡಿ, ಬೆಳೆಯಿತು ಎಂದು ಬರೆ. ಅಲ್ಲಿಗೆ ಇದು ಮುಗಿಯಲಿ.

ಜೊತೆಗೆ ನನ್ನ ತಟ್ಟೆಯ ಫೋಟೋ ಇಟ್ಟಿದ್ದೇನೆ. ನಾಲ್ಕನೆಯ ಅಧ್ಯಾಯಕ್ಕೆ ಹಾಕಿರುವುದು ಇದನ್ನೇ. ತಟ್ಟೆಯ ಎಂಟು ತುಂಡುಗಳಲ್ಲಿ ಎಡಗಡೆ ಮೇಲಿನದು ಕೈನೇಸ್ ಇಲ್ಲದ ತಳಿ. ಬೆಳೆದದ್ದು ಕುರುಡರಿಗೂ ಕಾಣುತ್ತದೆ.

ಕಾಫಿಯ ವಿಷಯಕ್ಕೆ ಉತ್ತರ ಬರೆದು ಹರಿದೆ.

ವಿಲ್ಮೀನ್


ವೊರ್ಕುಮ್
2 ಏಪ್ರಿಲ್

ವಿಲ್ಮೀನ್,

ಬದುಕಿ ಬಂದಿವೆ. ಒಂದು ಚಿಟಿಕೆ ವಿಟಮಿನ್ ಹಾಕಿದ ತಟ್ಟೆಯಲ್ಲಿ ಹುಲ್ಲು ಹಬ್ಬಿದ ಹಾಗೆ ಬೆಳೆದವು. ಆದ್ದರಿಂದ ಪ್ರಯಾಣದಲ್ಲಿ ಸತ್ತವು ಎನ್ನುವ ಹಾಗಿಲ್ಲ, ನನ್ನ ಕೈಗುಣ ಎನ್ನುವ ಹಾಗೂ ಇಲ್ಲ.

ವಿಟಮಿನ್ ಇಲ್ಲದ ತಟ್ಟೆಯಲ್ಲಿ ಏನೂ ಇಲ್ಲ. ಮತ್ತೆ ಮಾಡಿದೆ, ಏನೂ ಇಲ್ಲ. ಸೈಟ್ಸ್ಮಾ ಅವರ ಕೈಯಿಂದ ಹಚ್ಚಿಸಿದೆ, ಅವರು ಆಯುಷ್ಯದಲ್ಲಿ ಏನನ್ನೂ ಕೊಂದವರಲ್ಲ. ಆಗಲೂ ತಟ್ಟೆ ತೊಳೆದಿಟ್ಟ ಗಾಜಿನ ಹಾಗೆ ಸ್ವಚ್ಛ.

ನಿನಗೆ ಈ ಕಾಗದವನ್ನು ಮೊನ್ನೆಯೇ ಬರೆಯಬಹುದಿತ್ತು, ಜಯಭೇರಿ ಹೊಡೆದುಕೊಂಡು. ಆದರೆ ನಿನ್ನ ಫೋಟೋ ಎದುರಿಗಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಬೆಳೆದದ್ದು ನಿಜ, ನೀನು ಕಲ್ಪಿಸಿಕೊಂಡದ್ದಲ್ಲ. ಹಾಗಾದರೆ ಅಲ್ಲಿ ಬೆಳೆದು ಇಲ್ಲಿ ಬೆಳೆಯದೆ ಇರುವುದು ಏಕೆ? ಫೋಟೋವನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ.

ನೀನೂ ಒಂದು ಸಲ ನೋಡು. ನಿನ್ನ ತಳಿ ತನ್ನ ತುಂಡಿನಲ್ಲಿ ಸಮನಾಗಿ ಬೆಳೆದಿಲ್ಲ. ಬಲಗಡೆ ಅಂಚಿನಲ್ಲಿ ದಟ್ಟವಾಗಿದೆ, ನಡುವೆ ತೆಳುವಾಗಿದೆ, ಎಡಗಡೆ ಹೆಚ್ಚುಕಡಿಮೆ ಏನೂ ಇಲ್ಲ. ತನ್ನೊಳಗೇ ಇನ್ನೊಂದು ಕೈನೇಸ್ ಇಟ್ಟುಕೊಂಡ ಬ್ಯಾಕ್ಟೀರಿಯಾ ಒಂದೇ ಕಡೆಗೆ ಏಕೆ ವಾಲಬೇಕು?

ಅಲ್ಲಿ ಇವತ್ತಿಗೂ ಒಂದು ತಟ್ಟೆಯನ್ನು ಹಣ್ಣಿನ ಕಡುಬಿನ ಹಾಗೆ ಎಂಟು ತುಂಡಾಗಿ ಗೆರೆ ಎಳೆದು ಎಂಟು ತಳಿ ಹಚ್ಚುತ್ತೀರಿ. ಅದೇ ಉಳಿತಾಯ, ಅದೇ ನೀಹೋಫ್ ನಿಯಮ. ನನ್ನದು ಒಂದೇ ಪ್ರಶ್ನೆ, ದಯವಿಟ್ಟು ಉತ್ತರಿಸು.

ಬಲಗಡೆಯ ಪಕ್ಕದ ತುಂಡಿನಲ್ಲಿ ಯಾರಿದ್ದಾರೆ?

ಹಿಸ್ಕೆ


ಮನೆಯಿಂದ
19 ಏಪ್ರಿಲ್

ಹಿಸ್ಕೆ,

ಪಕ್ಕದಲ್ಲಿರುವುದು ಆರೋಗ್ಯವಂತ ತಳಿ. ಕೈನೇಸ್ ಇರುವುದು. ಹೋಲಿಸಿ ನೋಡಲು ಅನುಕೂಲ ಎಂದು ಯಾವಾಗಲೂ ಅದನ್ನೇ ಪಕ್ಕಕ್ಕೆ ಹಚ್ಚುತ್ತಿದ್ದೆ. ಯಾವಾಗಲೂ.

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಉಗ್ರಾಣದಿಂದ ಯಾರಿಗೂ ಹೇಳದೆ ಒಂದು ತಟ್ಟೆ ತಂದು, ಗೆರೆ ಎಳೆಯದೆ, ಇಡೀ ತಟ್ಟೆಗೆ ಆ ಒಂದೇ ತಳಿ ಹಚ್ಚಿದೆ. ದಿನವೂ ಬಿಸಿ ಪೆಟ್ಟಿಗೆಯ ಬಾಗಿಲು ತೆರೆದು ನೋಡಿದೆ. ಏನೂ ಇಲ್ಲ ಹಿಸ್ಕೆ. ಒಂದು ಚುಕ್ಕೆಯೂ ಇಲ್ಲ.

ತಾನಾಗಿ ಬೆಳೆದದ್ದೇ ಅಲ್ಲ ಅದು. ಪಕ್ಕದವಳು ತನಗೆ ಮಾಡಿಕೊಂಡ ವಿಟಮಿನ್ನಿನಲ್ಲಿ ಸೋರಿದ್ದನ್ನು ಅಗರಿನೊಳಗಿನಿಂದ ಹೀರಿಕೊಂಡು ಬದುಕಿದ್ದು. ಎರಡನೆಯ ಕೈನೇಸ್ ಇಲ್ಲ. ಎರಡು ವರ್ಷ ನಾನು ಇಲ್ಲದ ಕಿಣ್ವವನ್ನು ಹುಡುಕುತ್ತಿದ್ದೆ.

ಪ್ರಬಂಧದ ಪುಸ್ತಕ ಅಚ್ಚಿನ ಮನೆಗೆ ಹೋಗಿ ಆಗಿದೆ. ಮಂಡನೆಯ ದಿನ ಗೊತ್ತಾಗಿದೆ, ಅಮ್ಮ ನನ್ನ ಅಣ್ಣಂದಿರಿಗೆಲ್ಲ ತಿಳಿಸಿದ್ದಾಳೆ. ನೀಹೋಫ್ ಅದೇ ಅಧ್ಯಾಯ ನಂಬಿಕೊಂಡು ಮುಂದಿನ ಯೋಜನೆ ಬರೆದಿದ್ದಾರೆ. ನಾನು ಬಾಯಿ ಬಿಡದಿದ್ದರೆ ಬಹುಶಃ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಬರೆಯುತ್ತಿರುವಾಗ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತಿದೆ, ಆದರೆ ಯೋಚನೆ ಬಂದದ್ದು ನಿಜ. ನನಗೆ ತುಂಬ ಭಯವಾಗಿದೆ.

ಏನು ಮಾಡಲಿ ಹೇಳು.

ವಿಲ್ಮೀನ್


ವೊರ್ಕುಮ್
24 ಏಪ್ರಿಲ್

ವಿಲ್ಮೀನ್,

ನಿನ್ನ ಕಾಗದ ಓದಿ ಮೊದಲು ಏನು ಮಾಡಿದೆ ಗೊತ್ತೇ? ಡೈರಿಯ ಒದ್ದೆ ನೆಲದ ಮೇಲೆ ಮರದ ಬೂಟು ಹಾಕಿಕೊಂಡು ಕುಣಿದೆ. ಸೈಟ್ಸ್ಮಾ ಬಂದು ಇವಳಿಗೆ ಏನೋ ಹಿಡಿದಿದೆ ಎಂದು ಬಾಗಿಲು ಹಾಕಿಕೊಂಡು ಹೋದರು. ಆಮೇಲೆ ಕೂತು ಎರಡನೆಯ ಸಲ ಓದಿದೆ. ಕುಣಿಯಬೇಕೆನಿಸಲಿಲ್ಲ.

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಅದನ್ನು ನಾನು ಹೇಳಿ ನೀನು ಮಾಡಿದರೆ ನಮ್ಮಿಬ್ಬರಿಗೂ ಅದರಿಂದ ಏನೂ ದಕ್ಕುವುದಿಲ್ಲ.

ಒಂದು ಪ್ರಯೋಗ ಮಾತ್ರ ಹೇಳುತ್ತೇನೆ. ಎಂಟು ತುಂಡಿನ ತಟ್ಟೆಯನ್ನೇ ತಗೋ. ಇಬ್ಬರ ನಡುವಿನ ಅಗರನ್ನು ಚಾಕುವಿನಿಂದ ಪಟ್ಟಿಯಾಗಿ ಕೊಯ್ದು ತೆಗೆದುಬಿಡು, ನಮ್ಮ ಹೊಲಗಳ ನಡುವೆ ಕಾಲುವೆ ಇರುವ ಹಾಗೆ. ಇನ್ನೊಂದು ತಟ್ಟೆಯಲ್ಲಿ ಕೊಯ್ಯದೆ ಬಿಡು. ಕಾಲುವೆ ಇರುವ ಕಡೆ ಬೆಳೆಯದೆ, ಇಲ್ಲದ ಕಡೆ ಬೆಳೆದರೆ, ಸೋರಿಕೆಯ ಮಾತು ಸಾಬೀತಾಗುತ್ತದೆ. ಎಷ್ಟು ದೂರದ ತನಕ ಸೋರುತ್ತದೆ ಎಂದೂ ಅಳೆಯಬಹುದು. ಕೈನೇಸ್ ಕಳೆದುಕೊಂಡದ್ದು ಯಾರ ಪಕ್ಕದಲ್ಲಿ ಬದುಕುತ್ತದೆ, ಯಾರ ಪಕ್ಕದಲ್ಲಿ ಬದುಕುವುದಿಲ್ಲ ಎಂದು ಯಾರೂ ಸರಿಯಾಗಿ ನೋಡಿಲ್ಲ. ಅದು ಒಂದು ಅಧ್ಯಾಯ ಕಣೆ. ನಿನ್ನ ಹಳೆಯದಕ್ಕಿಂತ ಒಳ್ಳೆಯದು.

ನಾನು ಇಲ್ಲಿ ಮಾಡಬಹುದು. ಮಾಡುವುದಿಲ್ಲ. ನಿನ್ನ ಕೈಯಿಂದ ಆಗಲಿ.

ಹಿಸ್ಕೆ


ಪ್ರಯೋಗಾಲಯ, ಮೂರನೆಯ ಮಹಡಿ
17 ಮೇ

ಪ್ರಿಯ ಹಿಸ್ಕೆ,

ಕಾಲುವೆ ತೋಡಿದೆ. ಆ ಕಡೆ ಬೆಳೆಯಲಿಲ್ಲ. ತೋಡದ ತಟ್ಟೆಯಲ್ಲಿ ಬೆಳೆಯಿತು. ಎರಡನ್ನೂ ಒಂದು ಟ್ರೇಯಲ್ಲಿ ಇಟ್ಟುಕೊಂಡು ಹತ್ತು ಗಂಟೆಯ ಕಾಫಿಗೆ ಹೋದೆ.

ನೀಹೋಫ್ ಅವರ ಕೋಣೆಗೆ ಹೋಗಿ ಬಾಗಿಲು ಹಾಕಿ ಹೇಳಬಹುದಿತ್ತು. ಅದು ಸುಲಭ, ಮರ್ಯಾದೆಯೂ ಉಳಿಯುತ್ತಿತ್ತು. ಆದರೆ ನಿನಗೆ ಅಂದದ್ದು ಆ ಮೇಜಿನಲ್ಲಿ. ಆದ್ದರಿಂದ ಬಿಸ್ಕತ್ತಿನ ಡಬ್ಬಿ ಸುತ್ತು ಬರುವ ಮೊದಲೇ ಎದ್ದು ನಿಂತೆ. ನನ್ನ ನಾಲ್ಕನೆಯ ಅಧ್ಯಾಯ ತಪ್ಪು, ಎರಡನೆಯ ಕೈನೇಸ್ ಇಲ್ಲ ಎಂದು ತಟ್ಟೆ ತೋರಿಸಿ ಹೇಳಿದೆ. ಎಲ್ಲರೂ ತಟ್ಟೆ ನೋಡಿದರು. ಆಮೇಲೆ, "ಹಿಸ್ಕೆ ಹೇಳಿದ್ದೇ ಸರಿ. ಅವಳ ಕೈಯಲ್ಲಿ ಏನೂ ಸತ್ತಿರಲಿಲ್ಲ. ಅವಳ ಕೈ ಎಂಥದ್ದೂಂತ ನಂಗೆ ಅವತ್ತೇ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ" ಎಂದೆ.

ನೀಹೋಫ್ ಎರಡು ತಟ್ಟೆಗಳನ್ನೂ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಆಮೇಲೆ ತಟ್ಟೆಗಳ ಸಮೇತ ಹೊರಟುಹೋದರು. ಮಧ್ಯಾಹ್ನ ಕರೆದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅಚ್ಚಿನ ಮನೆಗೆ ತಾವೇ ಫೋನ್ ಮಾಡಿ ಪುಸ್ತಕ ನಿಲ್ಲಿಸಿದ್ದಾಗಿ ಹೇಳಿದರು. ತಟ್ಟೆಗೆ ಎಂಟು ಗೆರೆ ಎಳೆಯುವುದನ್ನು ತಮಗೆ ತಮ್ಮ ಗುರು ಕಲಿಸಿದ್ದು, ಯುದ್ಧ ಮುಗಿದ ಹೊಸದರಲ್ಲಿ, ಅಗರ್ ಸಿಗದ ಕಾಲದಲ್ಲಿ ಎಂದೂ ಹೇಳಿದರು. ಆಮೇಲೆ ಏನನ್ನೂ ಕೇಳಿಕೊಳ್ಳಲಾರದ ಮನುಷ್ಯ ನಿನ್ನ ವಿಳಾಸ ಕೇಳಿದರು.

ಮಂಡನೆ ಅಕ್ಟೋಬರಿಗೆ ಹೋಯಿತು. ಅಣ್ಣಂದಿರು ನನ್ನನ್ನು ಅಣಕಿಸುತ್ತಿದ್ದಾರೆ, ಅಮ್ಮ ಅತ್ತಳು. ನನಗೆ ಅಳು ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಹಸಿವಾಗಿ ಊಟ ಮಾಡಿದೆ. ಹೊಸ ಅಧ್ಯಾಯ ಶುರು ಮಾಡಿದ್ದೇನೆ. ಅದರ ಮೇಲೆ ಇಬ್ಬರ ಹೆಸರೂ ಇರುತ್ತದೆ, ನಿನ್ನದು ಮೊದಲು. ಬೇಡ ಎನ್ನಬೇಡ, ಬೇಡ ಎಂದರೂ ಹಾಕುತ್ತೇನೆ.

ಇನ್ನೊಂದು ಕೇಳುತ್ತೇನೆ. ಮಂಡನೆಯ ದಿನ ನನ್ನ ಬೆನ್ನ ಹಿಂದೆ ನಿಲ್ಲುವ ಇಬ್ಬರು ಸಂಗಾತಿಗಳಲ್ಲಿ ಒಬ್ಬಳಾಗಿ ನೀನು ಬರುತ್ತೀಯಾ? ಇನ್ನೊಬ್ಬ ನನ್ನ ದೊಡ್ಡಣ್ಣ.

ನಿನ್ನ
ವಿಲ್ಮೀನ್


ವೊರ್ಕುಮ್
30 ಮೇ

ಪ್ರಿಯ ವಿಲ್ಮೀನ್,

ಕಾಗದವನ್ನು ಕೊಟ್ಟಿಗೆಯ ಗೋಡೆಗೆ ಒರಗಿ ಓದಿದೆ. ಅಲ್ಲೇ ಕೂತು ಅತ್ತೆ. ನಿನ್ನ ಅಮ್ಮನ ಕಾರಣ ಬೇರೆ, ನನ್ನದು ಬೇರೆ.

ನೀಹೋಫ್ ಬರೆದಿದ್ದಾರೆ. ಜಾಗ ಖಾಲಿ ಇದೆ, ಬಂದು ನಿನ್ನ ಪ್ರಬಂಧ ಮುಗಿಸು ಎಂದು. ಕ್ಷಮೆ ಎಂಬ ಪದ ಎಲ್ಲೂ ಇಲ್ಲ, ಆದರೆ ಮನುಷ್ಯ ನಾಲ್ಕು ಪುಟ ಬರೆದಿದ್ದಾರೆ. ಹಾಲು ಹೆಚ್ಚಾಗಿ ಬರುವ ಕಾಲ ಮುಗಿದ ಮೇಲೆ ಬರುತ್ತೇನೆ ಎಂದು ಉತ್ತರಿಸಿದ್ದೇನೆ. ಸೈಟ್ಸ್ಮಾ ಈಗಲೇ ಮುಖ ಸಣ್ಣದು ಮಾಡಿಕೊಂಡಿದ್ದಾರೆ.

ನಿನ್ನ ಹಿಂದೆ ನಿಲ್ಲಲು ಮಾತ್ರ ಬರುವುದಿಲ್ಲ. ಬೇಸರ ಮಾಡಿಕೊಳ್ಳಬೇಡ, ಇದು ಹಠವಲ್ಲ. ಆ ಇಬ್ಬರ ಕೆಲಸವೇನು? ಕಪ್ಪು ಬಟ್ಟೆ ಹಾಕಿಕೊಂಡು ಬೊಂಬೆಗಳ ಹಾಗೆ ನಿಂತಿರುವುದು. ವಿದ್ವಾಂಸರು ಒಬ್ಬರಾದ ಮೇಲೆ ಒಬ್ಬರು ನಿನ್ನನ್ನು ಕೆಣಕುತ್ತಾರೆ, ವಿಶ್ವವಿದ್ಯಾಲಯದ ದಂಡಧಾರಿ ಬಂದು ಕೋಲು ಕುಟ್ಟಿ ಹೊತ್ತಾಯಿತು ಎನ್ನುವ ತನಕ ಅವರಿಬ್ಬರೂ ತುಟಿ ಬಿಚ್ಚುವ ಹಾಗಿಲ್ಲ. ತುಂಬಿದ ಸಭೆಯಲ್ಲಿ ಗೆಳತಿಗೆ ಕಷ್ಟದ ಮಾತು ಬಂದಾಗ ಪಕ್ಕದಲ್ಲಿ ಮೂಕಳಾಗಿ ಇರುವುದು ಹೇಗಿರುತ್ತದೆ ಎಂದು ನಮ್ಮಿಬ್ಬರಿಗೂ ಗೊತ್ತು. ಅದನ್ನು ನಾನು ನಿನಗೆ ಮಾಡಲಾರೆ, ಸಂಪ್ರದಾಯಕ್ಕಾಗಿಯೂ ಮಾಡಲಾರೆ.

ಕೊನೆಯ ಸಾಲಿನಲ್ಲಿ ಕೂತು ನೋಡುತ್ತೇನೆ.

ನಿನ್ನ
ಹಿಸ್ಕೆ


ಪ್ರಯೋಗಾಲಯ, ಮೂರನೆಯ ಮಹಡಿ
21 ಸೆಪ್ಟೆಂಬರ್

ಪ್ರೀತಿಯ ಹಿಸ್ಕೆ,

ಬೇಸಗೆಯೆಲ್ಲ ನಿನ್ನ ಆ ಕಾಗದಕ್ಕೆ ಉತ್ತರ ಹುಡುಕುತ್ತಿದ್ದೆ. ಮೊನ್ನೆ ಸಿಕ್ಕಿತು.

ದಂಡಧಾರಿಯ ಹತ್ತಿರ ಸಭಾಂಗಣದ ವ್ಯವಸ್ಥೆ ಕೇಳಲು ಹೋಗಿದ್ದೆ. ಬೆನ್ನ ಹಿಂದಿನ ಇಬ್ಬರು ಯಾತಕ್ಕೆ ಇರುವುದು ಎಂದು ಸುಮ್ಮನೆ ಕೇಳಿದೆ. ಹಿಂದಿನ ಕಾಲದಲ್ಲಿ ಅವರು ಶೋಭೆಗೆ ನಿಲ್ಲುತ್ತಿರಲಿಲ್ಲವಂತೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಅಭ್ಯರ್ಥಿ ಹಿಂದಕ್ಕೆ ತಿರುಗಿ ಅವರಿಗೆ ಒಪ್ಪಿಸಬಹುದಿತ್ತು, ಅವರು ಉತ್ತರಿಸಬಹುದಿತ್ತು. ಆ ನಿಯಮ ರದ್ದಾಯಿತೇ ಎಂದೆ. ಆತ ಗಡ್ಡ ಕೆರೆದುಕೊಂಡು, "ರದ್ದು ಮಾಡಿದ್ದು ನಾ ಕೇಳಿಲ್ಲ. ಉಪಯೋಗಿಸಿದ್ದೂ ನೋಡಿಲ್ಲ. ಮಾನ ಇರೋರು ಯಾರು ತಿರುಗ್ತಾರೆ?" ಎಂದ.

ನೀಹೋಫ್ ಅವರಿಗೆ ಹೇಳಿದೆ. ಅವರು ಬೇಡ ಎನ್ನಲಿಲ್ಲ, ಎಚ್ಚರಿಸಿದರು. ನಾಲ್ಕನೆಯ ಅಧ್ಯಾಯ ನನಗೆ ಬಾಯಿಪಾಠವಾಗಿದೆ, ಎಲ್ಲ ತಟ್ಟೆಗಳನ್ನೂ ನನ್ನ ಕೈಯಾರೆ ಮಾಡಿದ್ದೇನೆ. ಆದರೂ ನಾನು ತಿರುಗಿದರೆ, ಇವಳಿಗೆ ಏನೂ ಬರುವುದಿಲ್ಲ ಎಂದೇ ಸಭೆ ತಿಳಿಯುತ್ತದೆ, ಅದು ಆಯುಷ್ಯವಿಡೀ ನನ್ನ ಬೆನ್ನಿಗೆ ಅಂಟಿಕೊಳ್ಳುತ್ತದೆ ಎಂದರು. ತಿಳಿದುಕೊಳ್ಳಲಿ ಎಂದೆ.

ಅಕ್ಟೋಬರ್ ಎಂಟನೆಯ ತಾರೀಕು, ಶುಕ್ರವಾರ. ಕಪ್ಪು ಬಟ್ಟೆ ಹಾಕಿಕೊಂಡು ಬಾ. ಕೊನೆಯ ಸಾಲಿಗೆ ಹೋಗಬೇಡ, ನನ್ನ ಹಿಂದೆ ಬಲಗಡೆ ನಿಲ್ಲು. ಅವತ್ತು ಆ ಮೇಜಿನ ಸುತ್ತ ಲೋಟ ನೋಡಿಕೊಂಡು ಕೂತಿದ್ದವರೆಲ್ಲ ಸಭೆಯಲ್ಲಿರುತ್ತಾರೆ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, ಕೈನೇಸ್ ಇಲ್ಲದ್ದು ಬೆಳೆಯುವುದಿಲ್ಲ ಎಂದು ಮೊದಲು ಕಂಡವರು ಯಾರು, ಹೇಗೆ ಕಂಡರು ಎಂದು. ಆಗ ನಾನು ತಿರುಗುತ್ತೇನೆ. ತಿರುಗಿ, ಸಭೆಗೆಲ್ಲ ಕೇಳುವ ಹಾಗೆ ನಿನ್ನ ಪೂರ್ತಿ ಹೆಸರು ಹೇಳುತ್ತೇನೆ.

ಆಮೇಲೆ ನಾನು ಸುಮ್ಮನಿರುತ್ತೇನೆ ಹಿಸ್ಕೆ. ನೀನು ಮಾತಾಡು.

ನಿನ್ನ
ವಿಲ್ಮೀನ್